ತೊಂಬತ್ತಾರು ಚಿತ್ರಗಳ ಬೇಸಿಗೆ

ಕಳೆದ ತಿಂಗಳು ದವಡೆ ಹಲ್ಲು ಕೈಕೊಟ್ಟಿತೆಂದು ಸಿರಸಿ ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಹತ್ತಿಯ ಉಂಡೆಯನ್ನು ಲವಂಗದ ಎಣ್ಣೆಯಲ್ಲಿ ಅದ್ದಿ ಹಲ್ಲಿನ ಸಂದಿಗೆ ಒತ್ತಿದ್ದೇ ತಡ, ನಾನು ಕುರ್ಚಿಯಿಂದ ಇಳಿದು ಹೊರಗೆ ಬಂದುಬಿಟ್ಟೆ. "ಇಷ್ಟಕ್ಕೇ ಹೆದರಿದ್ರಾ?" ಎಂದು ಡಾಕ್ಟರು ಒಳಗಿಂದ ನಕ್ಕರು. ನಗಲಿ. ಸೂಜಿಗೆ, ಕತ್ತರಿಗೆ ಹೆದರುವವರ ಪೈಕಿ ಅಲ್ಲ ನಾನು. ನನ್ನನ್ನು ಎಬ್ಬಿಸಿದ್ದು ಆ ವಾಸನೆ. ಮೂರು ವರ್ಷದ ಹಿಂದೆ ಒಂದು ಇಡೀ ಬೇಸಿಗೆ ನಾನು ಅದೇ ವಾಸನೆಯಲ್ಲಿ, ಕಪ್ಪು ಬಟ್ಟೆಯ ಗೂಡೊಂದರಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಡಾಕ್ಟರ ದವಾಖಾನೆಯ ಮೆಟ್ಟಿಲ ಮೇಲೆ ಕೂತಾಗ ಆ ಬೇಸಿಗೆಯೆಲ್ಲ ಮೈಮೇಲೆ ಬಂದ ಹಾಗಾಯಿತು.

ನಾನು ಬೋರ್ಡು ಬರೆಯುವವನು. ಕೇಶವ ಪೇಂಟರ್ ಎಂದರೆ ಸಿರಸಿಯಲ್ಲಿ ಐವತ್ತು ದಾಟಿದವರಿಗೆ ಗೊತ್ತಾಗುತ್ತದೆ, ಅದಕ್ಕಿಂತ ಚಿಕ್ಕವರಿಗೆ ಗೊತ್ತಾಗುವುದಿಲ್ಲ. ಫ್ಲೆಕ್ಸ್ ಬಂದು ನಮ್ಮ ಅನ್ನಕ್ಕೆ ಕಲ್ಲು ಹಾಕಿತು. ಬರೆಯಲು ನಾನು ಎರಡು ದಿನ ತೆಗೆದುಕೊಳ್ಳುತ್ತಿದ್ದ ಅಂಗಡಿಯ ಹೆಸರನ್ನು ಯಂತ್ರ ಎರಡು ನಿಮಿಷದಲ್ಲಿ ಉಗುಳುತ್ತದೆ, ಮಾಲಿಕನ ಮುಖವನ್ನೂ ಸೇರಿಸಿ. ಆಮೇಲೆ ನನಗೆ ಉಳಿದದ್ದು ಶಾಲೆಯ ಗೋಡೆಗಳು ಮತ್ತು ಲಾರಿಯ ಹಿಂಭಾಗ. ಹಾಗಿರುವಾಗ ಶಿವರಾತ್ರಿಯ ಮುಂಚೆ ಒಂದು ದಿನ ಯಾರೋ ಬಂದು, ಬನವಾಸಿ ರಸ್ತೆಯ ಹಳೆಯ ಗೋದಾಮಿನಲ್ಲಿ ಸಿನಿಮಾದವರು ಕುಂಚ ಹಿಡಿಯಬಲ್ಲವರನ್ನು ಹುಡುಕುತ್ತಿದ್ದಾರೆ ಎಂದರು. ಪರದೆಗೆ ಬಣ್ಣ ಬಳಿಯುವ ಕೆಲಸ ಇರಬಹುದು ಅಂದುಕೊಂಡು ಹೋದೆ.

ಅಲ್ಲಿ ನಟರೂ ಇರಲಿಲ್ಲ, ಸೆಟ್ಟೂ ಇರಲಿಲ್ಲ. ತಗಡಿನ ಮಾಡಿನ ಕೆಳಗೆ ಕಪ್ಪು ಬಟ್ಟೆ ಕಟ್ಟಿದ ಹತ್ತು ಗೂಡುಗಳಿದ್ದವು. ಒಂದೊಂದರಲ್ಲೂ ಒಂದು ಹಲಗೆ, ಎರಡು ದೀಪ, ತಲೆಯ ಹಿಂದೆ ಒಂದು ಕ್ಯಾಮೆರಾ. ಸಿನಿಮಾ ಮಾಡುವ ಅನಘಾ ಮೇಡಂ, ಮೈಸೂರಿನವರು, ನನಗೆ ಕೆಲಸ ವಿವರಿಸಿದರು. ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಒಂದು ಚಿತ್ರ ಬರೆಯಬೇಕು. ಕ್ಯಾಮೆರಾ ಒತ್ತಬೇಕು. ಆಮೇಲೆ ಅದೇ ಚಿತ್ರದ ಕೈಯನ್ನು ಕೆರೆದು ತೆಗೆದು, ಒಂದು ಗೋಧಿಕಾಳಿನಷ್ಟು ಮುಂದೆ ಬರೆಯಬೇಕು. ಮತ್ತೆ ಒತ್ತಬೇಕು. ಹೀಗೆ ಹನ್ನೆರಡು ಸಲ ಬರೆದರೆ ಸಿನಿಮಾದ ಒಂದು ಸೆಕೆಂಡು. ಬಣ್ಣ ಬೇಗ ಒಣಗಬಾರದೆಂದು ಅದಕ್ಕೆ ಲವಂಗದ ಎಣ್ಣೆ ಬೆರೆಸುತ್ತಿದ್ದರು. ಬಟ್ಟೆ ಅಲುಗಿದರೆ ಬೆಳಕು ಅಲುಗುತ್ತದೆಂದು ಫ್ಯಾನು ನಿಷೇಧ. ಹೊರಗೆ ಮಾರ್ಚಿನ ಬಿಸಿಲು, ಒಳಗೆ ದೀಪದ ಕಾವು. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದರೆ ಚಹಾಕ್ಕೆ, ಊಟಕ್ಕೆ ಮಾತ್ರ ಹೊರಗೆ.

"ಬರೆದದ್ದನ್ನು ಕೆರೀಬೇಕಾ?" ಎಂದು ನಾನು ಎರಡು ಸಲ ಕೇಳಿದೆ. ಮೂವತ್ತು ವರ್ಷ ಅಳಿಸಿಹೋಗದ ಹಾಗೆ ಬರೆಯುವುದನ್ನೇ ಕಲಿತವನಿಗೆ ಇದು ಹುಚ್ಚಾಟವಾಗಿ ಕಂಡಿತು.

ಪಕ್ಕದ ಗೂಡಿನಲ್ಲಿ ಹೆಗಡೆಕಟ್ಟಾದ ನಾಗರತ್ನ ಎಂಬ ಹುಡುಗಿ ಇದ್ದಳು, ಚಿತ್ರಕಲೆ ಓದಿಕೊಂಡು ಬಂದವಳು. ದಿನಕ್ಕೆ ಮೂರು ಸಲ ಅವಳ ತಾಯಿ ಫೋನು ಮಾಡುತ್ತಿದ್ದರು. "ಎಂತೂ ಆಜಿಲ್ಲೆ ಆಯಿ, ಊಟ ಆತು" ಎಂದು, ಏನೂ ಆಗಿಲ್ಲವೆಂದು ತಾಯಿಗೆ ಧೈರ್ಯ ಹೇಳುತ್ತ, ಅವಳು ಪಿಸುಗುಟ್ಟುವುದು ಬಟ್ಟೆಯಾಚೆಯಿಂದ ಕೇಳುತ್ತಿತ್ತು. ಆ ಗೂಡಿನಲ್ಲಿ ನನಗೆ ದಕ್ಕಿದ ಮನುಷ್ಯರ ದನಿ ಅದೊಂದೇ. ಮೊದಲ ವಾರವೇ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ, ಯಾಕೆಂದರೆ ಸಿನಿಮಾ ಬಸವಂತ ಮಾಸ್ತರರ ಮೇಲಿತ್ತು.

ಬಸವಂತ ಮಾಸ್ತರರು ದಾಸನಕೊಪ್ಪದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದವರು. ನಿವೃತ್ತಿಯಾದ ಮೇಲೆ ಅವರ ಚಿತ್ರಗಳು ಹೇಗೋ ದೊಡ್ಡವರ ಕಣ್ಣಿಗೆ ಬಿದ್ದು ಮುಂಬಯಿಗೆ, ದಿಲ್ಲಿಗೆ, ಆಮೇಲೆ ಹಡಗಿನಲ್ಲಿ ಹೊರದೇಶಕ್ಕೂ ಹೋದವು. ಅವರು ಮಾತ್ರ ದಾಸನಕೊಪ್ಪ ಬಿಡಲಿಲ್ಲ. ಕೆರೆಯ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಊರಿನ ಇನ್ನೊಂದು ತುದಿಯಲ್ಲಿ ಮಗಳು ಗಿರಿಜಕ್ಕನ ಮನೆ, ಅಲ್ಲಿಂದ ದಿನಾ ಬುತ್ತಿ ಬರುತ್ತಿತ್ತು. ಆ ಬೇಸಿಗೆಗೆ ಒಂಬತ್ತು ವರ್ಷ ಮೊದಲು, ಕಾರ್ತಿಕದ ಒಂದು ಬೆಳಿಗ್ಗೆ ಅವರು ಅದೇ ಕೆರೆಯಲ್ಲಿ ಸಿಕ್ಕರು.

ಬಿದ್ದರೋ, ಬೇಕೆಂದೇ ಹೋದರೋ? ಸಿನಿಮಾ ಕೇಳುತ್ತಿದ್ದದ್ದು ಅದನ್ನೇ. ಊರಿನವರಿಗೆ ಅನುಮಾನವೇ ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನವಷ್ಟೇ ಕೆರೆಯ ಮೆಟ್ಟಿಲಿನ ಕೆಳಗಿನ ಎರಡು ಕಲ್ಲು ಜಾರಿ ನೀರಿಗೆ ಹೋಗಿದ್ದವು. ಯಾರೂ ಇಳಿಯಬಾರದೆಂದು ಅಲ್ಲಿ ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದರು. ಮಾಸ್ತರರು ಆ ಬಟ್ಟೆಯನ್ನು ದಾಟಿ ಇಳಿದಿದ್ದರು. ಕಪ್ಪು ಕನ್ನಡಕವನ್ನು ಮಡಚಿ ಕಟ್ಟೆಯ ಮೇಲೆ ಇಟ್ಟಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದಿನ ಸಂಜೆ ಅವರಿಗೂ ಗಿರಿಜಕ್ಕನಿಗೂ ಜೋರು ಜಗಳವಾಗಿತ್ತು. ಮೊಮ್ಮಗಳ ನಿಶ್ಚಯಕ್ಕೆ ಬರುವುದಿಲ್ಲ ಎಂದು ಮಾಸ್ತರರು ಹಟ ಹಿಡಿದರಂತೆ. ಗಿರಿಜಕ್ಕ ಹೊರಗೆ ಬಂದು, ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ, "ಹಂಗಾರ ನೀ ಇದ್ದರೂ ಅಷ್ಟ, ಇಲ್ಲದಿದ್ದರೂ ಅಷ್ಟ" ಅಂದಿದ್ದರು. ಬೆಳಗಾಗುವುದರೊಳಗೆ ಅವರು ಇರಲಿಲ್ಲ. ಆ ಮಾತು ಒಂಬತ್ತು ವರ್ಷದಿಂದ ದಾಸನಕೊಪ್ಪದಲ್ಲಿ ಗಿರಿಜಕ್ಕನ ಹಿಂದೆ ಓಡಾಡುತ್ತಿತ್ತು. ಸಿನಿಮಾದ ಕಥೆಯಲ್ಲೂ ಅದು ಅಕ್ಷರ ತಪ್ಪದೆ ಇತ್ತು.

ಕೆಲಸ ಶುರುವಾದ ಎರಡನೆಯ ವಾರ ಅನಘಾ ಮೇಡಂ ನಮ್ಮನ್ನೆಲ್ಲ ಕೂರಿಸಿ ಕಥೆ ಓದಿದರು. ಮಾಸ್ತರರ ಕಡೆಯ ಹತ್ತು ಚಿತ್ರಗಳ ಫೋಟೋಗಳನ್ನು ಗೋಡೆಗೆ ಅಂಟಿಸಿದ್ದರು.

"ಇದನ್ನು ನೋಡಿ. ಇವರು ಜೀವನವಿಡೀ ನೆರಳು ಬರೆದವರೇ ಅಲ್ಲ. ನಡುಮಧ್ಯಾಹ್ನದ ಬೆಳಕು ಅವರಿಗೆ ಇಷ್ಟ. ಆದರೆ ಕಡೆಯ ಹತ್ತೂ ಚಿತ್ರಗಳಲ್ಲಿ ಮರಕ್ಕೆ, ಮಡಕೆಗೆ, ಮನುಷ್ಯನಿಗೆ ಎಲ್ಲಕ್ಕೂ ನೆರಳಿದೆ. ಎಲ್ಲ ಒಂದೇ ಕಡೆಗೆ, ಬಲಕ್ಕೆ, ಕೆಳಕ್ಕೆ. ಹೊತ್ತು ಮುಳುಗುತ್ತಿದೆ. ಇದು ಆಕಸ್ಮಿಕ ಅಲ್ಲ. ಒಂದು ವರ್ಷ ಮೊದಲೇ ಅವರು ಹೋಗುವುದನ್ನು ತೀರ್ಮಾನಿಸಿದ್ದರು" ಎಂದರು.

ಎಲ್ಲರೂ ತಲೆದೂಗಿದರು. ನಾಗರತ್ನ ಕಣ್ಣು ಒರೆಸಿಕೊಂಡಳು. ನನ್ನ ಕಿವಿ ಕಾದ ತಗಡಿನಂತಾಗಿತ್ತು. ನೆಲ ನೋಡುತ್ತ ಕೂತಿದ್ದೆ, ಯಾಕೆಂದರೆ ಆ ನೆರಳು ಬಸವಂತ ಮಾಸ್ತರರದ್ದಲ್ಲ, ನನ್ನದು. ಬೋರ್ಡು ಬರೆಯುವವರು ಅಕ್ಷರ ಎದ್ದು ಕಾಣಲಿ ಎಂದು ಪ್ರತಿ ಅಕ್ಷರಕ್ಕೂ ಬಲಕ್ಕೆ ಮತ್ತು ಕೆಳಕ್ಕೆ ಒಂದು ನೆರಳು ಕೊಡುತ್ತಾರೆ. ನನ್ನ ಗುರು ನನಗೆ ಕಲಿಸಿದ ಮೊದಲ ಪಾಠ ಅದು. ಸಾವಿರಾರು ಬೋರ್ಡಿಗೆ ಹಾಕಿ ಹಾಕಿ ನನ್ನ ಕೈ ಅದನ್ನು ಕೇಳದೆಯೇ ಹಾಕುತ್ತದೆ. ಆ ಹತ್ತು ಚಿತ್ರಗಳನ್ನು ಬರೆದದ್ದು ನಾನು.

ಹೇಗೆ ಎಂದು ಹೇಳಬೇಕು. ಮಾಸ್ತರರು ತೀರಿಕೊಳ್ಳುವ ಎರಡು ವರ್ಷ ಮೊದಲು ಕ್ಯಾನ್ವಾಸು ಬಿಗಿಯಲು ನನ್ನನ್ನು ಕರೆಸಿಕೊಂಡಿದ್ದರು. ಹೋದ ಮೂರನೆಯ ಸಲ ಹಳದಿಯ ಟ್ಯೂಬು ಕೊಡು ಎಂದು ಕೇಳಿದರು, ಅದು ಅವರ ಕೈಯಲ್ಲೇ ಇತ್ತು. ನಾನು ಹೇಳಿದಾಗ ಟ್ಯೂಬನ್ನು ಬೆರಳಲ್ಲಿ ಸವರಿ, "ಕೇಶವಾ, ನನಗ ಕಣ್ಣ ಕಾಣವಲ್ದಪಾ" ಎಂದರು. ಹುಬ್ಬಳ್ಳಿಗೆ ನಾವಿಬ್ಬರೇ ಬಸ್ಸಿನಲ್ಲಿ ಹೋಗಿ ಬಂದೆವು. ಕಣ್ಣಿನ ಒಳಗಿನ ಒತ್ತಡ, ಹೋದ ನೋಟ ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ತಿಂಗಳು ತಿಂಗಳಿಗೆ ಕಡಿಮೆಯಾಗುತ್ತ ಕಡೆಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ಉಳಿಯಿತು.

"ಮಗಳಿಗಾದ್ರೂ ಹೇಳಿ ಮಾಸ್ತರೆ" ಎಂದು ನಾನು ಬೇಡಿಕೊಂಡೆ.

"ಆಕಿಗಂತೂ ಬ್ಯಾಡ. ಗೊತ್ತಾತಂದ್ರ ಮನೀಗೆ ಒಯ್ದು ಮೂಲ್ಯಾಗ ಕುಂಡರಸ್ತಾಳ. ಕಣ್ಣ ಹೋದ ಚಿತ್ರಗಾರನ್ನ ನೋಡಾಕ ಮಂದಿ ಬರ್ತಾರ ಕೇಶವಾ, ಚಿತ್ರ ನೋಡಾಕ ಬರೂದಿಲ್ಲ. ನಾ ಇರೂತನಕ ಬಾಯಿ ಬಿಡಬ್ಯಾಡ" ಎಂದು ನನ್ನ ಕೈಗೆ ಅವರ ಕುಂಚ ಕೊಟ್ಟು ಮೇಲೆ ತಮ್ಮ ಕೈ ಇಟ್ಟರು.

ಅವತ್ತಿನಿಂದ ವಾರಕ್ಕೆ ಎರಡು ದಿನ ನಾನು ಅವರ ಕೈಯಾದೆ. ಅವರು ಬೆರಳಿನಲ್ಲಿ ಕ್ಯಾನ್ವಾಸು ಅಳೆದು, "ಇಲ್ಲಿಂದ ನಾಕ ಬೆರಳ ಬಲಕ್ಕ, ಒಂದು ಗೆರಿ, ಉಸಿರ ಬಿಡದ ಎಳಿ" ಅನ್ನುತ್ತಿದ್ದರು. ನಾನು ಎಳೆಯುತ್ತಿದ್ದೆ. ಕೆಡಿಸಿಬಿಟ್ಟೇನೆಂಬ ಭಯದಲ್ಲಿ ಅರ್ಧ ಕ್ಯಾನ್ವಾಸು ಹಾಗೇ ಬಿಡುತ್ತಿದ್ದೆ. ಆ ಖಾಲಿ ಜಾಗವನ್ನು ನೋಡಿ ದೊಡ್ಡ ವಿಮರ್ಶಕರೊಬ್ಬರು ಶೂನ್ಯ, ಮೌನ ಎಂದೆಲ್ಲ ನಾಲ್ಕು ಪುಟ ಬರೆದರು. ನನ್ನ ಹೆದರಿಕೆಗೆ ಅಷ್ಟು ದೊಡ್ಡ ಹೆಸರಿದೆಯೆಂದು ನನಗೆ ಗೊತ್ತಿರಲಿಲ್ಲ.

ಊರಿನವರಿಗೆ ಇದಾವುದೂ ತಿಳಿಯಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಯಾರನ್ನೂ ಮಾತಾಡಿಸದೆ ಹೋದರೆ, ದೊಡ್ಡ ಮನುಷ್ಯ ಆದಮೇಲೆ ಸೊಕ್ಕು ಬಂದಿದೆ ಅಂದರು. ಗಿರಿಜಕ್ಕ ಬಂದಾಗ ಅವರು ಕೂತಲ್ಲಿಂದ ಏಳದೆ ಮಾತಾಡಿ ಕಳಿಸುತ್ತಿದ್ದರು. ಮನೆಯಿಂದ ಕೆರೆಯ ದಾರಿ ಅವರಿಗೆ ಹೆಜ್ಜೆಯ ಲೆಕ್ಕದಲ್ಲಿ ಬಾಯಿಪಾಠವಾಗಿತ್ತು. ಮೆಟ್ಟಿಲು ಹನ್ನೊಂದು. ದಿನಾ ಬೆಳಿಗ್ಗೆ ಕನ್ನಡಕ ಕಟ್ಟೆಯ ಮೇಲಿಟ್ಟು, ಎಣಿಸಿಕೊಂಡು ಇಳಿದು, ಮುಖ ತೊಳೆದು ಬರುತ್ತಿದ್ದರು. ಕಡೆಯ ಗುರುವಾರ ನಾನು ಹೋದಾಗ ಮೊಮ್ಮಗಳ ನಿಶ್ಚಯದ ಚಿಂತೆ ಹಚ್ಚಿಕೊಂಡಿದ್ದರು. "ಅಷ್ಟ ಮಂದ್ಯಾಗ ಹೋಗಿ ಕಂಬಕ್ಕ ನಮಸ್ಕಾರ ಮಾಡಿ ಬರ್ಲೇನು?" ಎಂದು ತಮ್ಮನ್ನೇ ನಗುತ್ತಿದ್ದರು. ಆ ವಾರದ ಕಡೆಗೆ ಅವರು ಹತ್ತನೆಯ ಮೆಟ್ಟಿಲು ಇಲ್ಲದ ಕಡೆ ಕಾಲಿಟ್ಟರು. ಕೆಂಪು ಬಟ್ಟೆ ಅವರಿಗೆ ಕಾಣುವುದಾದರೂ ಹೇಗೆ?

ನಾನು ಅವರ ಮಣ್ಣಿಗೆ, ಹೂಳುವ ಹೊತ್ತಿಗೆ, ಹೋಗಿದ್ದೆ. "ನಾನ ಕೊಂದೆ, ನನ್ನ ಬಾಯಿ ಕೊಂದಿತು" ಎಂದು ಗಿರಿಜಕ್ಕ ಎದೆ ಬಡಿದುಕೊಳ್ಳುವುದನ್ನು ಜನರ ಹಿಂದೆ ನಿಂತು ನೋಡಿದೆ. ಒಂದು ಮಾತು ಸಾಕಿತ್ತು. ನಾ ಇರೂತನಕ ಎಂದಷ್ಟೇ ಮಾಸ್ತರರು ಮಾತು ತೆಗೆದುಕೊಂಡಿದ್ದರು, ಅವರು ಹೋದಮೇಲೆ ಆ ಕಟ್ಟು ಇರಲಿಲ್ಲ. ಆದರೆ ಪೋಲೀಸರು ಪಂಚನಾಮೆ ಮಾಡಿ ಹೋಗಿದ್ದರು, ದಿಲ್ಲಿಯಿಂದ ಹೂವಿನ ಹಾರ ಬಂದಿತ್ತು. ಬೋರ್ಡು ಬರೆಯುವವ ನಕಲಿ ಚಿತ್ರ ಮಾಡಿದ ಎನ್ನುತ್ತಾರೆ ಎಂದು ಹೆದರಿದೆ. ಹೆದರಿಕೆಯ ಅಡಿಯಲ್ಲಿ ಇನ್ನೊಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಕೈ ದಿಲ್ಲಿಯ ಗೋಡೆಯ ಮೇಲಿದೆ ಎಂಬುದು ಒಳಗೊಳಗೇ ನನಗೆ ಸಿಹಿಯಾಗಿತ್ತು. ಆ ಸಿಹಿಯನ್ನು ಚಪ್ಪರಿಸುತ್ತ ಒಂಬತ್ತು ವರ್ಷ ಸುಮ್ಮನಿದ್ದೆ. ಇದಕ್ಕಿಂತ ನಾಚಿಕೆಯ ಕೆಲಸ ನಾನು ಬೇರೆ ಮಾಡಿಲ್ಲ.

ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವನಿಗೆ ಅನಘಾ ಮೇಡಂ ಕಡೆಯ ದೃಶ್ಯ ಕೊಟ್ಟರು. "ಕಡೆಯ ಹತ್ತು ಚಿತ್ರಗಳ ಶೈಲಿ ನಿಮಗೆ ಮಾತ್ರ ಕೂಡಿಬರ್ತಿದೆ ಕೇಶವ್. ಉಳಿದವರು ಎಷ್ಟು ತಿದ್ದಿದರೂ ಅದು ಬರ್ತಿಲ್ಲ. ನೀವೇ ಮಾಡಬೇಕು" ಎಂದರು. ಎಂಟು ಸೆಕೆಂಡು. ತೊಂಬತ್ತಾರು ಚಿತ್ರ. ಮಾಸ್ತರರು ಕನ್ನಡಕ ತೆಗೆದಿಟ್ಟು, ಕೆಂಪು ಬಟ್ಟೆಯನ್ನು ನೋಡಿ, ಅದನ್ನು ದಾಟಿ, ತಲೆಯೆತ್ತಿ ಮೆಟ್ಟಿಲಿಳಿದು ನೀರಿಗೆ ಹೋಗಬೇಕು. ನನ್ನ ಸುಳ್ಳನ್ನು ನಾನೇ ತೊಂಬತ್ತಾರು ಸಲ ಬರೆಯಬೇಕು. ಬರುವುದಿಲ್ಲ ಎನ್ನಲು ಬಾಯಿ ತೆರೆದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಎಲ್ಲವೂ ಹೊರಗೆ ಬರುತ್ತದೆ. ಆಗಲಿ ಎಂದೆ.

ದಿನಕ್ಕೆ ಐದು ಚಿತ್ರ ಮುಗಿದರೆ ಹೆಚ್ಚು. ಮೊದಲನೆಯ ವಾರ ಬರೀ ಕನ್ನಡಕ ಮಡಚುವುದರಲ್ಲಿ ಹೋಯಿತು. ಗೂಡಿನಲ್ಲಿ ಕೂತವನಿಗೆ ಹೊತ್ತು ತಿಳಿಯುತ್ತಿರಲಿಲ್ಲ. ಅಂಗಿ ಬೆನ್ನಿಗೆ ಅಂಟಿ, ಲವಂಗದ ಘಾಟು ಗಂಟಲಿಗೆ ಇಳಿದು, ಮನೆಯಲ್ಲಿ ಉಂಡ ಅನ್ನಕ್ಕೂ ಅದೇ ರುಚಿ. ಕಣ್ಣೆದುರು ಮಾಸ್ತರರು, ಒಂದೊಂದು ಗೋಧಿಕಾಳಿನಷ್ಟು ಸಾವಿನ ಕಡೆಗೆ ಹೋಗುತ್ತಿದ್ದಾರೆ, ತಳ್ಳುತ್ತಿರುವವನು ನಾನು. ಒಮ್ಮೆ ಪರದೆ ಸರಿಸಿ ಓಡಿಬಿಡೋಣ ಎನ್ನಿಸಿ ಎದ್ದು ನಿಂತೆ. ಬಟ್ಟೆ ಅಲುಗಿತು, ಆಚೆಯಿಂದ ಯಾರೋ ಗದರಿದರು, ಕೂತೆ.

"ಎಂತ ಮಾರಾಯ್ರೆ ಕೇಶಣ್ಣ, ಮೂರು ದಿನದಿಂದ ನಿಮ್ಮ ಮಾಸ್ತರು ಒಂದೇ ಮೆಟ್ಟಿಲಲ್ಲಿ ನಿಂತಿದ್ದಾರೆ. ಕಾಲು ನೋಯ್ತದೆ, ಒಂದು ಕುರ್ಚಿ ಆದ್ರೂ ಬರೀರಿ" ಎಂದು ನಾಗರತ್ನ ಚಹಾದ ಹೊತ್ತಿಗೆ ಚುಡಾಯಿಸಿದಳು. ನಾನು ಸಿಡುಕಿದೆ. ಪಾಪದ ಹುಡುಗಿ, ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನಲವತ್ತನೆಯ ಚಿತ್ರ ನಡೆದಿರುವಾಗ ಗಿರಿಜಕ್ಕ ಬಂದರು. ಅಪ್ಪ ಹೇಗೆ ಕಾಣುತ್ತಾರೆಂದು ನೋಡಲು ಅನಘಾ ಮೇಡಂ ಅವರೇ ಕರೆಸಿದ್ದರು. ಇಳಕಲ್ ಸೀರೆಯ ಸೆರಗು ತಲೆತುಂಬ ಹೊದ್ದು, ನನ್ನ ಗೂಡಿನ ಪರದೆಯನ್ನು ಎರಡು ಬೆರಳಲ್ಲಿ ಸರಿಸಿ ಒಳಗೆ ನೋಡಿದರು. ನನ್ನ ಗುರುತು ಹಿಡಿದರು.

"ಕೇಶಣ್ಣ, ನೀವ ಬರಿಯಾಕತ್ತೀರೇನು? ಚೊಲೊ ಆತು. ಅಪ್ಪಗ ನಿಮ್ಮ ಮ್ಯಾಲ ಭಾಳ ಜೀವ" ಎಂದರು.

ಹಲಗೆಯ ಮೇಲೆ ಮಾಸ್ತರರು ಬೆನ್ನು ತೋರಿಸಿಕೊಂಡು ಮೂರನೆಯ ಮೆಟ್ಟಿಲ ಮೇಲಿದ್ದರು. ಗಿರಿಜಕ್ಕ ತುಂಬ ಹೊತ್ತು ನೋಡಿದರು.

"ಮುಂದ ಎಲ್ಲೆರ ಹಿಂದಕ್ಕ ತಿರುಗಿ ನೋಡತಾನೇನ್ರಿ?"

"ಇಲ್ಲ ಅಕ್ಕಾ. ಕಥೇಲಿ ಹಾಗಿಲ್ಲ."

"ಇರಾಕಿಲ್ಲ ಬಿಡ್ರಿ. ಅಂಥಾ ಮಾತು ಅಂದಾಕಿನ್ನ ಯಾಕ ತಿರುಗಿ ನೋಡತಾನ? ಮೇಡಮ್ಮಾರು ಆ ನೆರಳ ತೋರಿಸಿದರು. ವರ್ಷದ ಮೊದಲ ಅವ ಠರಾಯಿಸಿದ್ದ, ನಿಮ್ಮ ತಪ್ಪಿಲ್ಲ ಅಂತ ಸಮಾಧಾನ ಹೇಳತಾರ. ವರ್ಷಗಟ್ಟಲೆ ಸಾಯೂ ವಿಚಾರ ಮಾಡಾಕತ್ತಿದ್ದ ಅಂದ್ರ, ಅಷ್ಟ ದಿನ ಬುತ್ತಿ ಕಳಿಸಿ ನಾ ಏನ ನೋಡಿದೆ ಹೇಳ್ರಿ."

ನನ್ನ ಕೈಯಲ್ಲಿ ಬಣ್ಣ ಕೆರೆಯುವ ಚೂರಿ ಇತ್ತು. ಹೇಳಿಬಿಡಬೇಕಾದ ಹೊತ್ತು ಅದೇ. ಅದರ ಅಲಗನ್ನು ಬಟ್ಟೆಗೆ ಒರೆಸುತ್ತ ಕೂತೆ. ಅವರು ಪರದೆ ಬಿಟ್ಟು ಹೋದರು. ಮುಂದಿನ ಚಿತ್ರಕ್ಕೆ ನಾನು ಮಾಸ್ತರರ ಬಲಗಾಲನ್ನು ಕೆರೆದು ತೆಗೆಯಬೇಕಿತ್ತು, ಚೂರಿ ಒತ್ತಿದ್ದು ಹೆಚ್ಚಾಗಿ ಅರ್ಧ ಮೆಟ್ಟಿಲೂ ಕಿತ್ತು ಬಂತು.

ಆಮೇಲಿನದನ್ನು ನಾನು ಯೋಚಿಸಿ ಮಾಡಿದ್ದಲ್ಲ. ತಲೆಯೆತ್ತಿ ಇಳಿಯುವ ಮನುಷ್ಯನನ್ನು ಬರೆಯಲು ಕೂತರೆ ಅದು ಯಾರೋ ಬೇರೆಯವರು ಎನ್ನಿಸುತ್ತಿತ್ತು. ನಾನು ಎರಡು ವರ್ಷ ನೋಡಿದ ಮಾಸ್ತರರು ಹಾಗೆ ಇಳಿಯುತ್ತಿರಲಿಲ್ಲ. ಬಲಗಾಲ ಹೆಬ್ಬೆರಳು ಮೊದಲು ಕಲ್ಲಿನ ಅಂಚು ಸವರಬೇಕು, ಅಂಗಾಲು ಆಮೇಲೆ ಊರಬೇಕು, ಎಡಗೈ ಗಾಳಿಯಲ್ಲಿ ಗೋಡೆ ಹುಡುಕಬೇಕು, ತುಟಿ ಎಣಿಸಬೇಕು. ನಲವತ್ತೊಂದರಿಂದ ಮುಂದೆ ನಾನು ಅದನ್ನೇ ಬರೆದೆ. ಬರೆದು ಒತ್ತಿದೆ, ಕೆರೆದೆ, ಮತ್ತೆ ಬರೆದೆ. ಹನ್ನೆರಡು ದಿನ ಹಾಗೆ ಹೋಯಿತು. ಆ ದಿನಗಳಲ್ಲಿ ಸೆಕೆ ಇತ್ತೋ ಇಲ್ಲವೋ ನನಗೆ ನೆನಪಿಲ್ಲ.

ತೊಂಬತ್ತಾರೂ ಮುಗಿದ ಮಧ್ಯಾಹ್ನ ಎಲ್ಲರೂ ಅನಘಾ ಮೇಡಂ ಅವರ ಮೇಜಿನ ಸುತ್ತ ಸೇರಿದರು. ಎಂಟು ಸೆಕೆಂಡು ಓಡಿತು. ಮೇಡಂ ಮತ್ತೊಮ್ಮೆ ಓಡಿಸಿದರು.

"ಅಯ್ಯ, ಇವರು ಕಾಲಲ್ಲಿ ಮೆಟ್ಟಿಲು ಹುಡುಕ್ತಾ ಇದ್ದಾರಲ್ಲ" ಎಂದಳು ನಾಗರತ್ನ.

ಮೂರನೆಯ ಸಲ ಓಡಿಸಿದ ಮೇಲೆ ಅನಘಾ ಮೇಡಂ ನನ್ನನ್ನು ಹೊರಗೆ ಕರೆದರು. ನೀರಿನ ಟಾಕಿಯ ನೆರಳಿಗೆ ಹೋಗಿ ನಿಂತೆವು. ಸಿಟ್ಟು ಬಂದಿತ್ತು ಅವರಿಗೆ. "ಕುರುಡರು ನಡೆದ ಹಾಗೆ ನಡೀತಾರೆ. ಮೂರು ವಾರದ ಕೆಲಸ. ಹಿಂದಿನದೆಲ್ಲ ಕೆರೆದಾಗಿದೆ, ಸರಿಮಾಡೋಕೂ ಆಗಲ್ಲ. ಯಾಕೆ ಹೀಗೆ ಮಾಡಿದ್ರಿ?" ಎಂದರು.

"ಅವರಿಗೆ ಕಾಣ್ತಿರ್ಲಿಲ್ಲ ಮೇಡಂ" ಎಂದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ಹುಬ್ಬಳ್ಳಿ ಡಾಕ್ಟರು, ಹನ್ನೊಂದು ಮೆಟ್ಟಿಲು, ನಾಲ್ಕು ಬೆರಳ ಅಳತೆ ಎಲ್ಲ ಬಂತು. ಅವರು ಟಾಕಿಗೆ ಒರಗಿಕೊಂಡು ಕೇಳಿದರು.

"ಹಾಗಾದ್ರೆ ಆ ನೆರಳು?"

ನಾನು ರಸ್ತೆಯ ಆಚೆ ಕೈ ತೋರಿಸಿದೆ. ಅಲ್ಲಿ ಒಂದು ಹಿಟ್ಟಿನ ಗಿರಣಿಯಿತ್ತು, ಅದರ ಹಣೆಯ ಮೇಲೆ ನಾನು ಇಪ್ಪತ್ತು ವರ್ಷದ ಹಿಂದೆ ಬರೆದ ಬೋರ್ಡು. ಬಣ್ಣ ಮಾಸಿದ್ದರೂ ಪ್ರತಿ ಅಕ್ಷರದ ಬಲಕ್ಕೆ, ಕೆಳಕ್ಕೆ, ನೀಲಿ ನೆರಳು ಗಟ್ಟಿಯಾಗಿ ಕೂತಿತ್ತು. ಅನಘಾ ಮೇಡಂ ಅದನ್ನೇ ನೋಡುತ್ತ ನಿಂತರು. ದಿನಾ ಅದರ ಎದುರು ಕಾರು ನಿಲ್ಲಿಸಿ ಬರುತ್ತಿದ್ದವರು ಅವರು. ಬೈಯುತ್ತಾರೆ ಎಂದು ಕಾದೆ. "ಇದನ್ನ ನೀವು ಮೊದಲು ಹೇಳಬೇಕಾದದ್ದು ನನಗಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಸಿನಿಮಾ ಏನಾಯಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಆ ಎಂಟು ಸೆಕೆಂಡನ್ನು ಮೇಡಂ ಹಾಗೇ ಇಟ್ಟರು, ನೆರಳಿನ ಭಾಷಣ ತೆಗೆದರು, ಕಥೆಯ ಅರ್ಧವನ್ನು ಮತ್ತೆ ಬರೆದರು, ಸಿನಿಮಾ ಒಂದು ವರ್ಷ ತಡವಾಯಿತು. ಹತ್ತು ಚಿತ್ರಗಳ ಕೆಳಗೆ ಈಗ ನನ್ನ ಹೆಸರೂ ಸಣ್ಣ ಅಕ್ಷರದಲ್ಲಿದೆ. ಹಾಗೆ ಬರೆಯಿರಿ ಎಂದು ಹಟ ಹಿಡಿದವರು ಗಿರಿಜಕ್ಕ. ಕೆಲವರು ಚಿತ್ರಗಳನ್ನು ಗೋಡೆಯಿಂದ ಇಳಿಸಿದರು, ಕೆಲವರು ಇಳಿಸಲಿಲ್ಲ. ಶೂನ್ಯದ ವಿಮರ್ಶಕರು ಮತ್ತೆ ಏನೂ ಬರೆದ ಹಾಗಿಲ್ಲ.

ಮೇಡಂಗೆ ಎಲ್ಲ ಹೇಳಿದ ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ನಾನು ದಾಸನಕೊಪ್ಪಕ್ಕೆ ಹೋದೆ. ಇಳಿದವನು ನೇರ ಹೋಗಲಿಲ್ಲ, ಸ್ಟ್ಯಾಂಡಿನಲ್ಲಿ ಕೂತು ಎರಡು ಬಸ್ಸು ಬಂದು ಹೋಗುವುದನ್ನು ನೋಡಿದೆ. ತಿರುಗಿ ಹೋಗುವ ಬಸ್ಸಿನ ಕಂಡಕ್ಟರು "ಸಿರಸಿ, ಸಿರಸಿ" ಎಂದು ನನ್ನನ್ನೇ ನೋಡಿ ಕೂಗಿದ ಹಾಗಿತ್ತು. ಕಡೆಗೆ ಎದ್ದೆ.

ಗಿರಿಜಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ನಿನ ಮುಂದಿದ್ದರು. "ಬರ್ರಿ ಕೇಶಣ್ಣ, ಕುಂದರ್ರಿ. ಬಿಸಲಾಗ ಬಂದೀರಿ, ಮಜ್ಜಿಗಿ ಕೊಡ್ಲಿ?" ಎಂದರು. ಮಜ್ಜಿಗೆ ಬೇಡ ಎಂದೆ. ಕೂತರೆ ಮಾತು ಹೊರಡುವುದಿಲ್ಲ ಎಂದು ನಿಂತೇ ಹೇಳಿದೆ. ಅಪ್ಪನಿಗೆ ಕಣ್ಣು ಹೋಗಿತ್ತು ಅಕ್ಕಾ, ನಿಮಗೆ ತಿಳಿಯಬಾರದು ಅಂತ ನನ್ನಿಂದ ಮಾತು ತಗೊಂಡಿದ್ರು, ಆ ನೆರಳು ನಾನು ಹಾಕಿದ್ದು, ನಿಶ್ಚಯಕ್ಕೆ ಬರೋದಿಲ್ಲ ಅಂದದ್ದು ಅದಕ್ಕೇ, ಮೆಟ್ಟಿಲು ಎಣಿಸಿಕೊಂಡು ಇಳೀತಿದ್ರು, ಅಲ್ಲಿ ಮೆಟ್ಟಿಲು ಇರ್ಲಿಲ್ಲ. ಹೇಳುತ್ತಿದ್ದಂತೆ ಮಷಿನ್ನಿನ ಚಕ್ರ ತಾನಾಗಿ ನಿಂತಿತು.

ನಾನು ಏನನ್ನು ನಿರೀಕ್ಷಿಸಿದ್ದೆನೋ. ಅಳುತ್ತಾರೆ, ಎದೆ ಹಗುರಾಯಿತು ಎನ್ನುತ್ತಾರೆ ಎಂದೇ ಇರಬೇಕು. ಗಿರಿಜಕ್ಕ ಎದ್ದು ಬಂದು ನನ್ನ ಎದುರಿಗೆ ನಿಂತರು.

"ಒಂಬತ್ತ ವರ್ಷ. ಒಂಬತ್ತ ವರ್ಷ ನಿನಗ ಬಾಯಿ ಇರಲಿಲ್ಲೇನೋ? ನಾ ಆ ಕೆರಿ ದಂಡಿ ತುಳಿದಿಲ್ಲ. ಮಗಳ ಮದುವ್ಯಾಗ ಅಕ್ಷತಾ ಹಾಕಾಕ ಮುಂದ ಬರಲಿಲ್ಲ, ಅಪ್ಪನ್ನ ತಿಂದಾಕಿ ಕೈಲೆ ಬ್ಯಾಡ ಅಂತ ನಾನ ಒಳಗ ಕುಂತೆ. ನೀ ಸಿರಸ್ಯಾಗ ಬೋರ್ಡ್ ಬರಕೊಂತ ಕುಂತಿದ್ದೇನು?"

ಅವರು ಎಂದೂ ನನ್ನನ್ನು ಏಕವಚನದಲ್ಲಿ ಕರೆದವರಲ್ಲ. "ಹೌದಕ್ಕಾ" ಎಂದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವರು ತಿರುಗಿ ಹೋಗಿ ಕಿಟಕಿಯ ಸರಳು ಹಿಡಿದು ನಿಂತರು. ಹೊರಗೆ ಯಾರೋ ಎತ್ತಿಗೆ ನೀರು ಕುಡಿಸುತ್ತಿದ್ದರು. ಹೊರಟು ಹೋಗಲೋ ನಿಲ್ಲಲೋ ತಿಳಿಯದೆ ಬಾಗಿಲಲ್ಲೇ ಇದ್ದೆ.

"ಪೂರಾ ಕಾಣತಿರಲಿಲ್ಲೇನು?" ಎಂದು ಬೆನ್ನು ತಿರುಗಿಸಿಕೊಂಡೇ ಕೇಳಿದರು.

"ಬೆಳಕು ಕಾಣ್ತಿತ್ತು ಅಕ್ಕಾ. ಮತ್ತೇನೂ ಇಲ್ಲ."

"ಎದುರಿಗೆ ಹಿಡಿದದ್ದೂ?"

"ಇಲ್ಲ."

ಅವರು ಸರಳಿನಿಂದ ಕೈ ತೆಗೆದರು. ತಿರುಗಿದಾಗ ಮುಖದಲ್ಲಿ ಸಿಟ್ಟು ಇರಲಿಲ್ಲ.

"ಅವತ್ತ ಸಂಜಿಮುಂದ ಅಳಿಯ ಆಗೂ ಹುಡುಗನ ಫೋಟೋ ಒಯ್ದಿದ್ದೆ. ಅಪ್ಪನ ಕೈಯಾಗ ಕೊಟ್ಟೆ. ಅದನ್ನ ತಲಿಕೆಳಗ ಹಿಡಕೊಂಡು ಭಾಳ ಹೊತ್ತು ನೋಡಿದಂಗ ಮಾಡಿ, 'ಚೊಲೊ ಅದಾನವಾ ಹುಡುಗ, ಮಾರಿ ಮ್ಯಾಲ ಕಳೆ ಐತಿ' ಅಂದ. ನಿಶ್ಚಯಕ್ಕ ಬರೂದಿಲ್ಲ ಅಂದವ ಮ್ಯಾಲ ನನ್ನ ಅಣಕನೂ ಮಾಡಾಕತ್ತಾನ ಅಂತ ಸಿಟ್ಟ ನೆತ್ತಿಗೇರಿತು. ಅದಕ್ಕ ಆ ಮಾತು ಅಂದೆ." ಸೆರಗಿನಿಂದ ಬಾಯಿ ಒತ್ತಿಕೊಂಡರು, ಮತ್ತೆ ತೆಗೆದರು. "ಅಣಕ ಅಲ್ಲ ಕೇಶಣ್ಣ ಅದು. ನನ್ನ ಖುಷಿ ಮಾಡಾಕ ನೋಡಿದ್ದ."